ಸಾಫ್ಟ್‌ವೇರ್ ಪ್ರಾಜೆಕ್ಟನ್ನು ಕೆಡಿಸುವ ಅಪಾಯಗಳು ಯಾವುವು, ಅವನ್ನು ಮೊದಲೇ ಗುರುತಿಸುವುದು ಹೇಗೆ?

ಮೊದಲ ಸಲ ತಂಡವೊಂದರ ಹೊಣೆ ಹೊತ್ತಿರುವ ನಿಮಗೆ ಮೇಲಿನವರು ರಿಸ್ಕ್ ರಿಜಿಸ್ಟರ್ (ಎದುರಾಗಬಹುದಾದ ಅಪಾಯಗಳ ದಾಖಲೆ) ಬರೆದುಕೊಡಲು ಹೇಳಿದ್ದಾರೆ, ಅದರಲ್ಲಿ ಏನೇನಿರಬೇಕು ಎಂದು ಕೇಳಿದ್ದೀರಿ. ಬಂಗಾರಪೇಟೆಯಿಂದ ವೈಟ್‌ಫೀಲ್ಡ್‌ಗೆ ದಿನವೂ ರೈಲಿನಲ್ಲಿ ಓಡಾಡುತ್ತಾ ದೊಡ್ಡ ಕಂಪನಿಯೊಂದರಲ್ಲಿ ಕೆಲವು ವರ್ಷ, ಆಮೇಲೆ ಕೋಲಾರದಲ್ಲೇ ಏಳು ಜನರ ಸಣ್ಣ ತಂಡ ಕಟ್ಟಿಕೊಂಡು ಕೆಲವು ವರ್ಷ ದುಡಿದವನು ನಾನು. ಎರಡೂ ಕಡೆ ಕಂಡದ್ದನ್ನು ಆಧರಿಸಿ ಉತ್ತರಿಸುತ್ತೇನೆ.

ನಿಮಗೆ ಸಿಗುವ ಸಿದ್ಧಪಟ್ಟಿಗಳಲ್ಲಿ ಅನುಭವಿಗಳು ಕೆಲಸ ಬಿಡುವುದು, ಗ್ರಾಹಕರು ಬೇಡಿಕೆ ಬದಲಿಸುವುದು, ಹಣ ಸಾಲದಿರುವುದು, ಗಡುವು ಮೀರುವುದು ಇಂಥವೇ ಇರುತ್ತವೆ. ಇವು ಸುಳ್ಳಲ್ಲ. ಆದರೆ ಯಾವ ಸಾಲನ್ನು ಎತ್ತಿ ಬೇರೆ ಪ್ರಾಜೆಕ್ಟಿನ ರಿಜಿಸ್ಟರಿನಲ್ಲಿ ಇಟ್ಟರೂ ಹಾಗೆಯೇ ಒಪ್ಪುತ್ತದೆಯೋ, ಆ ಸಾಲಿನಿಂದ ನಿಮ್ಮ ಪ್ರಾಜೆಕ್ಟಿಗೆ ಉಪಯೋಗವಿಲ್ಲ. ನಾನು ನೋಡಿದ ಮಟ್ಟಿಗೆ, ಪ್ರಾಜೆಕ್ಟನ್ನು ಕೆಡವಿದ ಅಪಾಯಗಳಲ್ಲಿ ಹೆಚ್ಚಿನವು ಯಾರೋ ಒಬ್ಬರಿಗೆ ಚೆನ್ನಾಗಿ ಗೊತ್ತಿದ್ದು, ತೀರ್ಮಾನ ತೆಗೆದುಕೊಳ್ಳುವವರ ಕಿವಿಗೆ ಮಾತ್ರ ಬೀಳದೆ ಉಳಿದವು.

ಕೋಲಾರದ ಎಪಿಎಂಸಿ ಪ್ರಾಂಗಣದ ಟೊಮೆಟೊ ಮಾರುಕಟ್ಟೆ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದೆಂಬುದು ನಿಮಗೂ ತಿಳಿದಿರಬಹುದು. ಅಲ್ಲಿನ ಮಂಡಿ ಮಾಲೀಕರೊಬ್ಬರಿಗೆ ಹರಾಜಿನ ಲೆಕ್ಕ ಬರೆದು ರೈತರ ಕೈಗೆ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಮುದ್ರಿಸಿಕೊಡುವ ಸಾಫ್ಟ್‌ವೇರನ್ನು ನಾವು ಮಾಡಿಕೊಟ್ಟೆವು. ಬೇಕುಬೇಡಗಳನ್ನು ತಿಳಿದುಕೊಂಡದ್ದು ಮೂರು ಸಂಜೆ, ಹರಾಜೆಲ್ಲ ಮುಗಿದು ಲಾರಿಗಳು ಹೊರಟುಹೋದ ಮೇಲೆ, ಮಾಲೀಕರ ಕೋಣೆಯಲ್ಲಿ ಕುಳಿತು. ಹರಾಜು ಕೂಗುತ್ತಾರೆ, ಬಾಕ್ಸಿಗೆ ಇಷ್ಟು ಎಂದು ರೇಟು ಬೀಳುತ್ತದೆ, ಬರೆದುಕೊಂಡು ಪಟ್ಟಿ ಕೊಡುತ್ತೇವೆ ಎಂದು ಅವರು ಹೇಳಿದ್ದನ್ನು ಬರೆದುಕೊಂಡು ಬಂದೆವು. ಒಮ್ಮೆ ಉಳಿಸಿದ ರೇಟನ್ನು ಯಾರೂ ತಿದ್ದಬಾರದು ಎಂಬುದನ್ನೂ, ರೈತರನ್ನು ಮೊಬೈಲ್ ಸಂಖ್ಯೆಯಿಂದ ಗುರುತಿಸಬೇಕು ಎಂಬುದನ್ನೂ ಸೇರಿಸಿದವರು ನಾವೇ. ಮೊದಲನೆಯದು ಮೋಸ ತಡೆಯುತ್ತದೆ, ಎರಡನೆಯದು ಗೊಂದಲ ತಪ್ಪಿಸುತ್ತದೆ ಎಂದು ನಂಬಿದ್ದೆವು.

ಜುಲೈ ತಿಂಗಳ ಆವಕದ ಭರಾಟೆಯಲ್ಲಿ ಅದನ್ನು ಶುರುಮಾಡಿದೆವು. ಮೊದಲ ದಿನವೇ ಅರವತ್ತು ಬಾಕ್ಸಿನ ಲಾಟೊಂದು 310 ರೂಪಾಯಿಗೆ ಹೋಯಿತು. ಖರೀದಿದಾರರು ಕೆಳಗಿನ ಬಾಕ್ಸುಗಳನ್ನು ಸುರಿದು ನೋಡಿದರೆ ಕಾಯಿ ಮೆತ್ತಗಾಗಿತ್ತು. ಎರಡು ನಿಮಿಷ ಮಾತಾಗಿ, ನಲವತ್ತು ಬಾಕ್ಸು ಹಳೆಯ ರೇಟಿಗೆ, ಇಪ್ಪತ್ತು ಬಾಕ್ಸು 240ಕ್ಕೆ ಎಂದು ತೀರ್ಮಾನವಾಯಿತು. ಪುಸ್ತಕದಲ್ಲಾಗಿದ್ದರೆ ಗುಮಾಸ್ತರು ಹಳೆಯ ಅಂಕಿಗೆ ಕೆಂಪು ಗೆರೆ ಎಳೆದು ಮೇಲೆ ಬರೆದು ಮುಂದಿನ ಲಾಟಿಗೆ ಹೋಗುತ್ತಿದ್ದರು. ನಮ್ಮ ಪರದೆ ಅದಕ್ಕೆ ಅವಕಾಶ ಕೊಡಲಿಲ್ಲ. ಹಿಂದೆ ಜನ ನಿಂತಿದ್ದರಿಂದ ಅವರು ಇಪ್ಪತ್ತು ಬಾಕ್ಸನ್ನು ಹೊಸ ಲಾಟೆಂದು ನಮೂದಿಸಿದರು. ಅರವತ್ತು ಬಾಕ್ಸು ಲೆಕ್ಕದಲ್ಲಿ ಎಂಬತ್ತಾಯಿತು. ಅದೇ ಬೆಳಗ್ಗೆ ಶ್ರೀನಿವಾಸಪುರದ ಕಡೆಯ ಮೂವರು ಅಣ್ಣತಮ್ಮಂದಿರು ಬಂದಿದ್ದರು. ತೋಟ ಬೇರೆ, ಮಂಡಿಯಲ್ಲಿ ಪಡೆದ ಮುಂಗಡ ಬೇರೆ, ಮನೆಯಲ್ಲಿ ಫೋನು ಮಾತ್ರ ಒಂದೇ. ಅಣ್ಣನ ಮುಂಗಡವನ್ನು ಸಾಫ್ಟ್‌ವೇರ್ ತಮ್ಮನ ದುಡ್ಡಿನಲ್ಲಿ ಮುರಿದುಕೊಂಡಿತು. ಆ ಹುಡುಗ ಪಟ್ಟಿ ಹಿಡಿದು ಕಿಟಕಿಯ ಮುಂದೆ ನಿಂತಿದ್ದ ಮುಖ ನನಗೆ ಇನ್ನೂ ನೆನಪಿದೆ. ನಾಲ್ಕನೆಯ ದಿನ ಮಾಲೀಕರು ಪುಸ್ತಕಕ್ಕೇ ಮರಳಿದರು.

ಆಮೇಲೆ ವಿಚಾರಿಸಿದಾಗ ತಿಳಿದದ್ದು ಇದು. ರೇಟು ಮುರಿಯುವುದು ಗುಮಾಸ್ತರಿಗೆ ದಿನನಿತ್ಯದ ವಿಷಯ. ಯಜಮಾನರು ಹೇಳಿರುತ್ತಾರೆ ಎಂದು ಅವರು ಸುಮ್ಮನಿದ್ದರು. ಯಜಮಾನರಿಗೆ ಅದು ಹೇಳಬೇಕಾದ ಸಂಗತಿ ಎಂದೇ ಅನ್ನಿಸಿರಲಿಲ್ಲ. ನಮ್ಮದೇ ತಂಡದಲ್ಲಿ ಮುಳಬಾಗಿಲು ಕಡೆಯ, ಟೊಮೆಟೊ ಬೆಳೆಯುವ ಮನೆಯ ಹುಡುಗಿಯೊಬ್ಬಳಿದ್ದಳು. ತಂದೆಯ ಪಟ್ಟಿಯಲ್ಲಿ ಕೆಂಪು ಗೆರೆಗಳನ್ನು ನೋಡಿಯೇ ಬೆಳೆದವಳು. ಹೊಸಬಳಾದ ತಾನು ಮಾತಾಡಬಹುದೋ ಇಲ್ಲವೋ ಎಂದು ಅವಳೂ ಸುಮ್ಮನಿದ್ದಳು. ಅವಳನ್ನು ಕೇಳದೆ ಹೋದದ್ದು ನನ್ನ ತಪ್ಪು. ನಮ್ಮ ರಿಜಿಸ್ಟರಿನಲ್ಲಿ ‘ಬೇಡಿಕೆಗಳು ಬದಲಾಗಬಹುದು’ ಎಂಬ ಸಾಲಿತ್ತು. ಇರಬೇಕಾಗಿದ್ದದ್ದು ಹೀಗೆ: ‘ವಿವರ ಕೊಟ್ಟವರು ಮಾಲೀಕರೊಬ್ಬರೇ, ನಮ್ಮಲ್ಲಿ ಯಾರೂ ಹರಾಜಿನ ಹೊತ್ತಿಗೆ ಮಂಡಿಯಲ್ಲಿ ನಿಂತು ನೋಡಿಲ್ಲ, ಆದ್ದರಿಂದ ಹರಾಜಿನ ನಡುವೆ ನಡೆಯುವುದೇನಾದರೂ ತಪ್ಪಿಹೋಗಿದ್ದರೆ ಸೀಸನ್ನಿನಲ್ಲೇ ಕೆಲಸ ನಿಲ್ಲುತ್ತದೆ.’ ಹೀಗೆ ಬರೆದಿದ್ದರೆ ಪರಿಹಾರವೂ ಅಲ್ಲೇ ಕಾಣುತ್ತಿತ್ತು, ಎರಡು ಬೆಳಗಿನ ಹೊತ್ತು ಸಾಕಾಗುತ್ತಿತ್ತು.

ದೊಡ್ಡವರಲ್ಲೂ ಇದೇ ಆಗಿದೆ. 1999ರ ಸೆಪ್ಟೆಂಬರಿನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳವನ್ನು ತಲುಪುವ ಹೊತ್ತಿಗೆ ನಾಶವಾಯಿತು. ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್ (ಬ್ರಿಟಿಷ್ ಅಳತೆ) ಲೆಕ್ಕದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ಕಡೆಯವರು ನ್ಯೂಟನ್ (ಮೆಟ್ರಿಕ್ ಅಳತೆ) ಲೆಕ್ಕವೆಂದು ಓದಿಕೊಂಡದ್ದು ಅದಕ್ಕೆ ಕಾರಣ. ಪಥದ ಲೆಕ್ಕ ಹೊಂದುತ್ತಿಲ್ಲ ಎಂಬುದು ದಾರಿ ತೋರಿಸುವ ತಂಡದ ಗಮನಕ್ಕೆ ಮೊದಲೇ ಬಂದಿತ್ತು. ಅದು ತಮ್ಮತಮ್ಮಲ್ಲಿನ ಅನೌಪಚಾರಿಕ ಚರ್ಚೆಯಲ್ಲೇ ಉಳಿಯಿತೇ ಹೊರತು ಕ್ರಮವಾಗಿ ದಾಖಲಾಗಲಿಲ್ಲ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರದ ಕಂಪನಿ ಸುಮಾರು 45 ನಿಮಿಷಗಳಲ್ಲಿ 40 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ಹಾಕುವುದು ಬಿಟ್ಟುಹೋಗಿತ್ತು. ಮಾರುಕಟ್ಟೆ ತೆರೆಯುವ ಮೊದಲೇ ಅವರ ವ್ಯವಸ್ಥೆ ತಪ್ಪನ್ನು ಸೂಚಿಸುವ 97 ಇಮೇಲ್‌ಗಳನ್ನು ಸಿಬ್ಬಂದಿಗೆ ಕಳುಹಿಸಿತ್ತು, ಅವನ್ನು ನೋಡಿ ಕ್ರಮ ಕೈಗೊಳ್ಳುವ ಹೊಣೆ ಯಾರಿಗೂ ಇರಲಿಲ್ಲ.

ಗಡುವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಡವಾದ ಪ್ರಾಜೆಕ್ಟಿಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಐಬಿಎಂನಲ್ಲಿ ಕೆಲಸ ಮಾಡಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ದರು. ಐದು ಜನರ ನಡುವೆ ಹತ್ತು ಜೋಡಿ ಮಾತುಕತೆಗಳಾದರೆ, ಹತ್ತು ಜನರ ನಡುವೆ ನಲವತ್ತೈದು ಆಗುತ್ತವೆ. ನಿಮ್ಮ ಮೇಲಿನವರು ಕೊನೆಯ ತಿಂಗಳಲ್ಲಿ ಇಬ್ಬರನ್ನು ಕೊಡುತ್ತೇವೆ ಎಂದರೆ, ಅವರಿಗೆ ಕಲಿಸಲು ನಿಮ್ಮ ಅತ್ಯುತ್ತಮರೇ ಬೇಕಾಗುತ್ತದೆ ಎಂಬುದನ್ನು ಬರೆದೇ ತಿಳಿಸಿ.

ಇನ್ನು ರಿಜಿಸ್ಟರ್. ಹತ್ತು ಸಾಲು ಸಾಕು. ಐವತ್ತಾದರೆ ಯಾರೂ ಓದುವುದಿಲ್ಲ. ಕಾರಣ, ಆಗಬಹುದಾದದ್ದು, ಅದರಿಂದ ತಟ್ಟುವ ಪೆಟ್ಟು ಈ ಮೂರೂ ಪ್ರತಿ ಸಾಲಿನಲ್ಲಿರಲಿ. ಅಪಾಯ ಹತ್ತಿರ ಬರುತ್ತಿದೆ ಎಂದು ತೋರಿಸುವ ಗುರುತೊಂದನ್ನು, ಅದನ್ನು ಗಮನಿಸುವ ಒಬ್ಬರ ಹೆಸರನ್ನು, ಮತ್ತೆ ನೋಡುವ ತಾರೀಖನ್ನು ಸೇರಿಸಿ. ‘ತಂಡ’ ಎಂದು ಬರೆಯಬೇಡಿ, ಹೆಸರೇ ಬರೆಯಿರಿ. ವಾರಕ್ಕೊಮ್ಮೆ ಅರ್ಧ ಗಂಟೆ ಕುಳಿತಾಗ ಎಲ್ಲರಿಗಿಂತ ಹೊಸಬರಿಗೆ ಮೊದಲ ಮಾತು ಕೊಡಿ, ಹಿರಿಯರು ಮಾತಾಡಿದ ಮೇಲೆ ಕಿರಿಯರು ಬಾಯಿ ಬಿಡುವುದಿಲ್ಲ. ತಿಂಗಳಿಗೊಮ್ಮೆಯಾದರೂ ಸಾಫ್ಟ್‌ವೇರನ್ನು ನಿಜವಾಗಿ ಬಳಸುವವರ ಪಕ್ಕದಲ್ಲಿ, ಅವರ ಕೆಲಸದ ಹೊತ್ತಿನಲ್ಲೇ ಕುಳಿತು ನೋಡಿ.

ಶುರುಮಾಡುವ ದಿನವನ್ನೂ ಒಂದು ಅಪಾಯವೆಂದೇ ಪರಿಗಣಿಸಿ. ನಾವು ಎರಡನೆಯ ಸಲ ಆವಕ ಕಡಿಮೆಯಿರುವ ಚಳಿಗಾಲದಲ್ಲಿ ಶುರುಮಾಡಿದೆವು. ರೇಟು ತಿದ್ದಲು ಅವಕಾಶವಿತ್ತು, ಹಳೆಯ ಅಂಕಿಯೂ ತಿದ್ದಿದವರ ಹೆಸರೂ ಉಳಿಯುತ್ತಿದ್ದವು. ಮೂರು ವಾರ ಪುಸ್ತಕವೂ ಪಕ್ಕದಲ್ಲೇ ನಡೆಯಿತು, ಪ್ರತಿ ಸಂಜೆ ಗುಮಾಸ್ತರು ಎರಡನ್ನೂ ತಾಳೆ ನೋಡುತ್ತಿದ್ದರು. ಪುಸ್ತಕ ಬರೆಯುವುದನ್ನು ಯಾವಾಗ ನಿಲ್ಲಿಸಬಹುದು ಎಂಬ ತೀರ್ಮಾನವನ್ನು ಮಾಲೀಕರ ಒಪ್ಪಿಗೆ ಪಡೆದು ಅವರಿಗೇ ಬಿಟ್ಟೆವು.