ಬ್ಯಾಂಕಿನವರು ಪರ್ಸನಲ್ ಲೋನ್‌ಗೆ ದಾವೆ ಹಾಕಿ ಸಮನ್ಸ್ ಕಳಿಸಿದ್ದಾರೆ. ಕೋರ್ಟಿಗೆ ಹೋಗದಿದ್ದರೆ ಏನಾಗುತ್ತದೆ?

ಹೋಗಲೇಬೇಕು. ಸಿವಿಲ್ ದಾವೆ ಬಿದ್ದ ಮಾತ್ರಕ್ಕೆ ಯಾರೂ ಬಂದು ಎಳೆದುಕೊಂಡು ಹೋಗುವುದಿಲ್ಲ, ಆ ಭಯ ಬೇಡ. ಆದರೆ ಸುಮ್ನೆ ಕೂತರೆ ಎಕ್ಸ್‌ಪಾರ್ಟಿ ಮಾಡಿ, ಅಂದರೆ ನಿಮ್ಮ ಮಾತು ಕೇಳದೆಯೇ, ಅವರು ಕೇಳಿದಷ್ಟಕ್ಕೂ ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಆಗಿಬಿಡಬಹುದು. ಆಮೇಲೆ ಸಂಬಳ, ಬ್ಯಾಂಕ್ ಖಾತೆ ಜಪ್ತಿಗೆ ಬರುತ್ತಾರೆ.

ನಮ್ಮ ಮನೆಗೂ ಹೀಗೇ ಬಂದಿತ್ತು. ಕೋರ್ಟಿನ ಅಮೀನರು ಬಾಗಿಲಲ್ಲೇ ನಿಂತು ತಮ್ಮನ ಸಹಿ ಹಾಕಿಸಿಕೊಂಡು ಹೋದರು. ಅಮ್ಮ ಹೆದರಿ ಆ ಕಾಗದವನ್ನು ಅಕ್ಕಿ ಡಬ್ಬದ ಕೆಳಗೆ ಇಟ್ಟುಬಿಟ್ಟಿದ್ದರು. ನನ್ನ ಕೈಗೆ ಸಿಗುವಾಗ ಹನ್ನೆರಡು ದಿನ ಕಳೆದಿತ್ತು. ನಮ್ಮದು ಮಾಮೂಲಿ ದಾವೆ, ಉತ್ತರ ಕೊಡಲು 30 ದಿನ ಇರುತ್ತದೆ, ಹಾಗಾಗಿ ಬಚಾವಾದೆವು. ಸಮನ್ಸಿನಲ್ಲಿ 'ಆರ್ಡರ್ 37' (ಬೇಗ ಮುಗಿಸುವ ಸಂಕ್ಷಿಪ್ತ ದಾವೆ) ಎಂದಿದ್ದರೆ 10 ದಿನದೊಳಗೆ ಕೋರ್ಟಿನಲ್ಲಿ ಹಾಜರಾತಿ ಹಾಕಬೇಕು. ಅದರಲ್ಲಿ ವಾದ ಮಾಡುವುದಕ್ಕೂ ಕೋರ್ಟಿನ ಅನುಮತಿ ಬೇಕು. ಅದಕ್ಕೇ ಇವತ್ತೇ ಕಾಗದ ತೆಗೆದು ನೋಡಿ. ಅಸಲಿಯೋ ನಕಲಿಯೋ ಅನುಮಾನವಿದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸ್ ನಂಬರ್ ಹಾಕಿ ಹುಡುಕಿ.

ಆಮೇಲೆ ಲೆಕ್ಕ. ನಾನು ಎರಡು ರಾತ್ರಿ ಕೂತು ಪಾಸ್‌ಬುಕ್ ಮತ್ತು ಅವರು ಕೊಟ್ಟ ಸ್ಟೇಟ್‌ಮೆಂಟನ್ನು ಸಾಲು ಸಾಲಾಗಿ ತಾಳೆ ನೋಡಿದೆ. ರಿಕವರಿಯವನಿಗೆ ಫೋನ್‌ಪೇ ಮಾಡಿದ್ದ 15,000 ರೂಪಾಯಿ ಸಾಲಕ್ಕೆ ಜಮಾ ಆಗೇ ಇರಲಿಲ್ಲ! ದಂಡದ ಬಡ್ಡಿಯ ಮೇಲೂ ಬಡ್ಡಿ ಹಾಕಿದ್ದರು. ಸಾಲ ತಗೊಂಡಿದ್ದು ನಿಜ, ಅದನ್ನು ಒಪ್ಪಿಕೊಂಡೆವು. ಲೆಕ್ಕ ತಪ್ಪು ಎಂದು ಲಿಖಿತ ಹೇಳಿಕೆಯಲ್ಲಿ, ಅಂದರೆ ದಾವೆಗೆ ನಾವು ಕೋರ್ಟಿಗೆ ಕೊಡುವ ಉತ್ತರದಲ್ಲಿ, ಬರೆಸಿದೆವು. ದಾವೆಯ ಒಂದೊಂದು ಪ್ಯಾರಾಕ್ಕೂ ಉತ್ತರ ಇರಲಿ. ಅಲ್ಲಗಳೆಯದೆ ಬಿಟ್ಟಿದ್ದನ್ನು ಒಪ್ಪಿಕೊಂಡಂತೆ ಎಂದೇ ಕೋರ್ಟು ತಿಳಿಯುತ್ತದೆ.

ಹಳೇ ಸಾಲವಾದರೆ ತಾರೀಖು ನೋಡಿ. ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹಾಕಬೇಕು. ಆ ಅವಧಿಯೊಳಗೆ ನೀವು ಬಾಕಿ ಇದೆ ಎಂದು ಬರೆದುಕೊಟ್ಟಿದ್ದರೆ ಎಣಿಕೆ ಅಲ್ಲಿಂದ ಮತ್ತೆ ಶುರು. 'ಸುಮ್ನೆ ಒಂದು ಸಹಿ ಹಾಕಿ ಸಾರ್' ಎಂದು ಬರುವವರ ಕಾಗದ ಓದದೆ ಮುಟ್ಟಲೇಬೇಡಿ. ಚೆಕ್ ಬೌನ್ಸ್ ಕೇಸ್ ಬೇರೆ, ಅದರಲ್ಲಿ ಜೈಲು ಶಿಕ್ಷೆಗೂ ಅವಕಾಶವಿದೆ. ಚೆಕ್ ಕೊಟ್ಟಿದ್ದರೆ ವಕೀಲರಿಗೆ ಮೊದಲೇ ಹೇಳಿ.

ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಕೋರ್ಟ್ ಆವರಣದಲ್ಲೇ ಸಿಗುತ್ತದೆ, ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಸಾಲ ಅಮ್ಮನ ಹೆಸರಲ್ಲಿ ಇದ್ದುದರಿಂದ ನಮಗೂ ಸಿಕ್ಕರು.

ನಮ್ಮದು ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಆ 15,000 ಕಳೆದು, ಹತ್ತು ಕಂತು. ಅಲ್ಲಿ ಆದ ತೀರ್ಮಾನದ ಮೇಲೆ ಅಪೀಲು ಇಲ್ಲ, ಆದ್ದರಿಂದ ಕಟ್ಟಲು ಆಗುವಷ್ಟಕ್ಕೆ ಮಾತ್ರ ಒಪ್ಪಿಕೊಳ್ಳಿ. ಕೊನೇ ಕಂತು ಕಟ್ಟಿದ ದಿನವೇ 'ಬಾಕಿ ಇಲ್ಲ' ಪತ್ರ ಕೇಳಿ ತಗೊಳ್ಳಿ.

ನಿಮ್ಮ ಸಮನ್ಸ್ ಯಾವ ತಾರೀಖಿಗೆ ಕೈ ಸೇರಿತು?