ವಿದ್ಯಾರ್ಥಿಗಳ ಪರ ವಕೀಲಿಕೆ ಮಾಡಬೇಕೆಂದರೆ ಏನು ಓದಬೇಕು, ಹೊಟ್ಟೆಪಾಡು ನಡೆಯುತ್ತದಾ?

ಬಿಎ ಮುಗಿಸಿದ್ದೇನೆ, ವಿದ್ಯಾರ್ಥಿಗಳ ಹಕ್ಕುಗಳಿಗಾಗಿಯೇ ವಾದಿಸುವ ವಕೀಲೆ ಆಗಬೇಕು ಅಂತ ಬರೆದಿದ್ದೀರಿ.

ಇದಕ್ಕೆ ಬೇರೆ ಸನ್ನದು ಅಂತ ಇಲ್ಲ. ಮೂರು ವರ್ಷದ ಎಲ್‌ಎಲ್‌ಬಿ, ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಆಮೇಲೆ ವಕೀಲಿಕೆ ಮುಂದುವರಿಸಲು ಪಾಸಾಗಬೇಕಾದ ಎಐಬಿಇ ಎಂಬ ಅಖಿಲ ಭಾರತ ಪರೀಕ್ಷೆ. ಅದಾದ ಮೇಲೆ ರಿಟ್ ಕೇಸು, ಅಂದರೆ ಸರ್ಕಾರ, ವಿಶ್ವವಿದ್ಯಾಲಯದಂಥವರ ವಿರುದ್ಧ ನೇರ ಹೈಕೋರ್ಟಿಗೆ ಹಾಕುವ ಅರ್ಜಿ, ಜಾಸ್ತಿ ಇರುವ ಸೀನಿಯರ್ ವಕೀಲರ ಹತ್ತಿರ ಸೇರಿಕೊಳ್ಳಿ. ನಾನು ಹೈಕೋರ್ಟಿನ ಧಾರವಾಡ ಪೀಠದಲ್ಲಿ ಹಾಗೇ ಕಲಿತೆ.

ಆಸ್ತಿ ಕೇಸು ಹತ್ತು ವರ್ಷ ಎಳೆದರೂ ಹೊಲ ಅಲ್ಲೇ ಇರುತ್ತದೆ. ಸೋಮವಾರದ ಪರೀಕ್ಷೆ ಮಂಗಳವಾರ ಇರುವುದಿಲ್ಲ ನೋಡಿ. ಒಂದು ಶುಕ್ರವಾರ ಡಿಗ್ರಿ ಓದುವ ಹುಡುಗಿಯೊಬ್ಬಳು ಅಪ್ಪನ ಜೊತೆ ಬಂದಳು. ಸ್ಕಾಲರ್‌ಶಿಪ್ ಬಂದಿಲ್ಲ, ಫೀಸು ಬಾಕಿ, ಕಾಲೇಜು ಹಾಲ್ ಟಿಕೆಟ್ ಕೊಟ್ಟಿಲ್ಲ.

"ಕೊಡಲ್ಲ ಅಂತ ಬರೆದುಕೊಟ್ಟಿದ್ದಾರಾ?"

"ಇಲ್ರೀ ಸರ, ಬಾಯಿಲೇ ಹೇಳ್ಯಾರ."

ಬಾಯಿಮಾತು ನಂಬಿ ರಿಟ್ ಹಾಕಿದರೆ ಎದುರು ವಕೀಲರು "ಅವಳು ಕೇಳಲೇ ಇಲ್ಲ" ಅಂದುಬಿಡುತ್ತಾರೆ. ಅಲ್ಲೇ ಅರ್ಧ ಪುಟದ ಮನವಿ ಬರೆಸಿದೆ. ಒಂದು ಪ್ರತಿ ಕಾಲೇಜಿನ ಟಪಾಲು ವಿಭಾಗಕ್ಕೆ ಕೊಡು, ಇನ್ನೊಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಂಡು ಬಾ ಎಂದೆ. ಕಾಲೇಜಿನ ಗುಮಾಸ್ತರು ಸೀಲು ಕೈಯಲ್ಲಿ ಹಿಡಿದವರು ಹಾಗೇ ಎದ್ದು ಪ್ರಿನ್ಸಿಪಾಲರ ಕೋಣೆಗೆ ಹೋದರಂತೆ. ಸಂಜೆಯೊಳಗೆ ಹಾಲ್ ಟಿಕೆಟ್ ಬಂತು. ನಾನು ಕೋರ್ಟ್ ಮೆಟ್ಟಿಲು ಹತ್ತಲೇ ಇಲ್ಲ.

ಓದುವಾಗ 1992ರ ಮೋಹಿನಿ ಜೈನ್ ತೀರ್ಪಿನಿಂದ ಶುರು ಮಾಡಿ. ನಮ್ಮ ತುಮಕೂರಿನ ಮೆಡಿಕಲ್ ಸೀಟಿನಿಂದಲೇ ಹುಟ್ಟಿದ ಕೇಸು ಅದು. ಹೊರ ರಾಜ್ಯದವರಿಂದ ಖಾಸಗಿ ಕಾಲೇಜುಗಳು ವರ್ಷಕ್ಕೆ 60,000 ರೂಪಾಯಿವರೆಗೆ ತೆಗೆದುಕೊಳ್ಳಬಹುದು ಅಂತ ಸರ್ಕಾರವೇ ಅಧಿಸೂಚನೆ ಹೊರಡಿಸಿತ್ತು. ಸುಪ್ರೀಂ ಕೋರ್ಟ್ ಅದನ್ನು ಕ್ಯಾಪಿಟೇಶನ್, ಅಂದರೆ ಸೀಟು ಮಾರಿ ಪಡೆಯುವ ಹಣ, ಎಂದು ಕರೆದು, ಶಿಕ್ಷಣ ಮೂಲಭೂತ ಹಕ್ಕು ಎಂದಿತು. ಮರುವರ್ಷವೇ ಉನ್ನಿಕೃಷ್ಣನ್ ಕೇಸಿನಲ್ಲಿ ಆ ಹಕ್ಕು 14 ವರ್ಷದವರೆಗೆ ಮಾತ್ರ ಎಂದಾಯಿತು. 2009ರ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯಲ್ಲೂ ಅದೇ ಅಳತೆ. ಆರನೇ ಕ್ಲಾಸಿನ ಹುಡುಗನಿಗೆ ಮೇಷ್ಟ್ರು ಹೊಡೆದರೆ, ಹೊಡೆಯುವುದನ್ನು ನಿಷೇಧಿಸುವ ಅದರ ಸೆಕ್ಷನ್ 17 ಇದೆ. ಆ ಡಿಗ್ರಿ ಹುಡುಗಿಗೆ ಆರ್‌ಟಿಇ ಕೆಲಸಕ್ಕೆ ಬಾರದು, ವಿಶ್ವವಿದ್ಯಾಲಯದ ನಿಯಮಗಳನ್ನೇ ಕೆದಕಬೇಕು. ಕಾನೂನು ಕಾಲಡಿಯಿಂದ ಜಾರುವುದೂ ಉಂಟು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆರ್‌ಟಿಇಯಡಿ ಬಡ, ಹಿಂದುಳಿದ ಮಕ್ಕಳಿಗೆ ಮೀಸಲಾದ ಶೇ 25 ಸೀಟು ಕೊಡಬೇಕಿಲ್ಲ ಅಂತ 2019ರಲ್ಲಿ ರಾಜ್ಯ ನಿಯಮ ತಿದ್ದಿತು. ಅಂಥ ಕೇಸಿನ ಕಡತಗಳಿದ್ದ ನನ್ನ ಅರ್ಧ ಬೀರು ಖಾಲಿಯಾಯಿತು.

ಇನ್ನು ದುಡ್ಡು. ಹಾಲ್ ಟಿಕೆಟ್ ಕೆಲಸಕ್ಕೆ ನನಗೆ ಸಿಕ್ಕಿದ್ದು ಎರಡು ಕೇಜಿ ಶೇಂಗಾ. ಆಫೀಸ್ ಬಾಡಿಗೆ ಹೊರಡುವುದು ಶಿಕ್ಷಕರ ಸರ್ವಿಸ್ ಕೇಸುಗಳಿಂದ: ಬಡ್ತಿ, ವರ್ಗಾವಣೆ, ವಜಾ. ಶಾಲೆ, ಕಾಲೇಜುಗಳ ಆಡಳಿತ ಮಂಡಳಿಗಳೂ ಕರೆಯುತ್ತವೆ, ಫೀಸೂ ಚೆನ್ನಾಗಿ ಕೊಡುತ್ತವೆ. ಒಮ್ಮೆ ಒಪ್ಪಿಕೊಂಡಿದ್ದೆ. ಆ ಊರಿನ ಪೋಷಕರು ಎರಡು ವರ್ಷ ನನ್ನ ಕಡೆ ತಲೆ ಹಾಕಲಿಲ್ಲ. ಅವರ ತಪ್ಪೇನಿಲ್ಲ, ಅಲ್ವಾ?

ಅಡ್ಮಿಷನ್ ಮಾಡಿಸುವ ಮೊದಲು ಜೂನ್ ತಿಂಗಳ ಒಂದು ಬೆಳಗ್ಗೆ ನಿಮ್ಮ ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಸುಮ್ನೆ ಕೂತು ಬನ್ನಿ. ಟಿಸಿ ಕೊಡದ ಶಾಲೆಗಳ ಮೇಲೆ ದೂರು ಹಿಡಿದು ಬಂದವರು ಸಿಗುತ್ತಾರೆ. ಅವರ ಕೈಯಲ್ಲಿರುವ ಕಾಗದದ ಮೇಲೆ ಸೀಲು ಇದೆಯಾ ನೋಡಿ.