ತೊಗರಿ ಹೊಲದಲ್ಲಿ ನೀರು ನಿಂತರೆ

ಪ್ರಶ್ನೆ: ಚಿತ್ತಾಪುರ ತಾಲೂಕಿನಲ್ಲಿ ನಮ್ಮದು 4 ಎಕರೆ ಎರೆ ಹೊಲ. ತೊಗರಿ ಒಮ್ಮೆ ಮಳೆಗೆ ಕೊಳೆಯಿತು, ಮರುವರ್ಷ ಒಣಗಿತು. ಹವಾಮಾನಕ್ಕೆ ತಕ್ಕ ಬೇಸಾಯದ ತರಬೇತಿಗೆ ಕರೆಯುತ್ತಿದ್ದಾರೆ. ಹೋಗಲಾ, ಸುಮ್ನೆ ಒಂದು ದಿನದ ಕೆಲಸ ಕೆಡುತ್ತಾ?

ಉತ್ತರ: ಹೋಗಿ. ನಾನೂ ನಿಮ್ಮ ಹಾಗೇ ಅನುಮಾನ ಪಟ್ಟವನು. ಆಳಂದ ಕಡೆ ನಮ್ಮ ಹೊಲ. ಒಂದು ಆಗಸ್ಟ್‌ನಲ್ಲಿ ಮೂರು ದಿನ ನೀರು ನಿಂತು ಅರ್ಧ ತೊಗರಿ ಹಳದಿಯಾಗಿ ಸತ್ತಿತು. ಮಳೆಯನ್ನೇ ಬೈದೆ. ತರಬೇತಿಯಲ್ಲಿ ಗಿಡ ಕಿತ್ತು ಬೇರು ತೋರಿಸಿದಾಗ ಗೊತ್ತಾಯಿತು, ಬೇರಿಗೆ ಗಾಳಿಯೇ ಸಿಕ್ಕಿರಲಿಲ್ಲ.

ಅಲ್ಲಿ ಕಲಿತದ್ದು ಅಗಲ ಏರುಮಡಿ. ಸುಮಾರು 1 ಮೀಟರ್ ಮಡಿ, ಪಕ್ಕದಲ್ಲಿ ಅರ್ಧ ಮೀಟರ್ ಕಾಲುವೆ. ಮಳೆ ಜಾಸ್ತಿಯಾದರೆ ನೀರು ಹರಿದು ಹೋಗುತ್ತದೆ. ಕಡಿಮೆಯಾದರೆ ಅದೇ ಕಾಲುವೆ ತೇವ ಹಿಡಿಯುತ್ತದೆ. ಆದರೆ ತುಸು ಇಳಿಜಾರು ಬೇಕು, ತುದಿಯಲ್ಲಿ ನೀರಿಗೆ ದಾರಿ ಬೇಕು. ಮೊದಲ ಸಲ ನಾನು ಆ ದಾರಿ ಬಿಡಲಿಲ್ಲ, ಮತ್ತೆ ಬೆಳೆ ಕಳೆದುಕೊಂಡೆ. ಇದು ಹೊಲದಲ್ಲಿ ನಿಂತು ನೋಡಿ ಕಲಿಯುವ ಕೆಲಸ.

ಬೀಜದ ಬಗ್ಗೆ ತಪ್ಪದೆ ಕೇಳಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಟಿಎಸ್-3ಆರ್, ಜಿಆರ್‌ಜಿ-811 ಗಿಡ ಒಣಗಿಸುವ ನೆಟೆ ರೋಗ ತಡೆಯುವ ತೊಗರಿ ತಳಿಗಳು. ಬಿತ್ತುವ ಮುಂಚೆ ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ) ಹಚ್ಚಿ. ಮೊಬೈಲ್‌ನಲ್ಲಿ ಮೇಘದೂತ್ ಆ್ಯಪ್ ಹಾಕಿಕೊಳ್ಳಿ. ಮಂಗಳವಾರ, ಶುಕ್ರವಾರ ಹವಾಮಾನ ನೋಡಿ ಕೊಡುವ ಹೊಸ ಬೆಳೆ ಸಲಹೆ ಬರುತ್ತದೆ.

ಮನೆಯಾಕೆಯನ್ನೂ ಕರೆದೊಯ್ಯಿರಿ. ಬೀಜ ಎತ್ತಿಡುವುದು, 45-50 ದಿನಕ್ಕೆ ಕುಡಿ ಚಿವುಟುವುದು ಎಲ್ಲಾ ಅವರ ಕೈಯಲ್ಲೇ ಅಲ್ವಾ?